ಕೆ-ಡ್ರಾಮಾ ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ: ನನಗೆ 52 ವರ್ಷ. ಸಂಜೆ ಅತ್ತೆಯ ಜೊತೆ ಕನ್ನಡ ಧಾರಾವಾಹಿ ನೋಡುವುದು ರೂಢಿ. ಹಾಸ್ಟೆಲ್‌ನಿಂದ ಬಂದಾಗಲೆಲ್ಲ ಮಗಳು ‘ಕೊರಿಯನ್ ನೋಡಮ್ಮಾ’ ಅಂತ ಜೀವ ತಿನ್ನುತ್ತಾಳೆ. ಒಂದೆರಡು ಶುರು ಮಾಡಿದೆ. ಯಾರು ಯಾರ ಮಗ ಅಂತ ಗೊತ್ತಾಗುವಷ್ಟರಲ್ಲಿ ನಿದ್ದೆ ಬಂತು. ಯಾವುದರಿಂದ ಶುರು ಮಾಡಿದರೆ ಒಳ್ಳೆಯದು?
– ದಾವಣಗೆರೆಯ ಓದುಗರು

ಉತ್ತರ: ಒಂದೇ ಹೆಸರು ಹೇಳಿ ಅಂದರೆ ‘ಎಕ್ಸ್‌ಟ್ರಾಆರ್ಡಿನರಿ ಅಟಾರ್ನಿ ವೂ’. 2022ರದ್ದು, 16 ಕಂತು. ವೂ ಯಂಗ್-ವೂ ಎಂಬ ಹೊಸ ವಕೀಲೆ. ಆಕೆಗೆ ಆಟಿಸಂ ಇದೆ. ಕಾನೂನು ಪುಸ್ತಕವೆಲ್ಲ ಬಾಯಿಪಾಠ, ಆದರೆ ಆಫೀಸಿನ ತಿರುಗುವ ಬಾಗಿಲು ದಾಟುವುದೇ ದೊಡ್ಡ ಕೆಲಸ. ಮೊದಲು ಇದನ್ನೇ ನೋಡಿ ಎನ್ನಲು ಕಾರಣ ಇಷ್ಟೇ: ಹೆಚ್ಚಿನ ಕಂತುಗಳಲ್ಲಿ ಒಂದು ಕೇಸು ಶುರುವಾಗಿ ಅಲ್ಲೇ ಮುಗಿಯುತ್ತದೆ. ಒಂದು ಕಂತಿನಲ್ಲಿ ತೂಕಡಿಸಿದರೂ ನಷ್ಟವಿಲ್ಲ. ನೆನಪಿಡಬೇಕಾದ ಮುಖಗಳು ಐದಾರು ಮಾತ್ರ.

ಮೊದಲ ಕಂತಿನಲ್ಲಿ ಒಬ್ಬ ವಯಸ್ಸಾದ ಹೆಂಗಸು. ಗಂಡನ ಕಾಟ ತಾಳಲಾರದೆ ಇಸ್ತ್ರಿಪೆಟ್ಟಿಗೆಯಿಂದ ಅವನ ತಲೆಗೆ ಹೊಡೆದುಬಿಟ್ಟಿದ್ದಾರೆ. ಕೊಲೆ ಯತ್ನದ ಕೇಸು. ಜೈಲಾಗದಂತೆ ನೋಡಿಕೊಂಡರೆ ಸಾಕು ಅನ್ನುವುದು ಹಿರಿಯ ವಕೀಲರ ಲೆಕ್ಕ. ಆದರೆ ಕೊಲೆ ಯತ್ನದ ಅಪರಾಧಿ ಅಂತಾದರೆ ಗಂಡನ ಆಸ್ತಿಯಲ್ಲಿ ಹಕ್ಕೇ ಹೋಗುತ್ತದೆ, ಮುಂದೆ ಆಕೆ ಬದುಕುವುದು ಹೇಗೆ? ಅದನ್ನು ಗಮನಿಸಿದವಳು ವೂ ಒಬ್ಬಳೇ. ಅದೇ ಕಂತಿನಲ್ಲಿ ಆ ಹಿರಿಯರು ಮಾತಿನ ಭರದಲ್ಲಿ, ಇದು ‘ಸಾಮಾನ್ಯ ವಕೀಲರಿಗೂ’ ಕಷ್ಟ ಅಂದುಬಿಡುತ್ತಾರೆ. ಬಾಯಿ ಜಾರಿದ್ದು ಗೊತ್ತಾಗಿ ಕ್ಷಮೆ ಕೇಳುತ್ತಾರೆ. ಪರವಾಗಿಲ್ಲ, ನಾನು ಸಾಮಾನ್ಯ ವಕೀಲೆ ಅಲ್ಲವಲ್ಲ ಅನ್ನುತ್ತಾಳೆ ಅವಳು. ಹಿನ್ನೆಲೆಯಲ್ಲಿ ಗುಡುಗು ಸಿಡಿಲಿಲ್ಲ, ಮೂರು ಸಲ ಮುಖ ತೋರಿಸುವ ಕ್ಯಾಮೆರಾ ಇಲ್ಲ. ಆ ಜಾಗ ಬಂದಾಗ ನಿಮಗೆ ನಗು ಬಂತು ಅಂದರೆ ಕೆ-ಡ್ರಾಮಾ ನಿಮಗೆ ಒಗ್ಗುತ್ತದೆ ಅಂತಲೇ ಲೆಕ್ಕ. ಕೊರಿಯಾದಲ್ಲಿ ಇದು ಬಂದದ್ದು ಒಂದು ಸಣ್ಣ ಚಾನೆಲ್‌ನಲ್ಲಿ. ಮೊದಲ ಕಂತಿನ ರೇಟಿಂಗ್ ಶೇ 1 ಕೂಡ ಮುಟ್ಟಿರಲಿಲ್ಲ, ಕೊನೆಯ ಕಂತಿನ ಹೊತ್ತಿಗೆ ಶೇ 17 ದಾಟಿತ್ತು. ಜನರೇ ಒಬ್ಬರಿಗೊಬ್ಬರು ಹೇಳಿ ಗೆಲ್ಲಿಸಿದ ಧಾರಾವಾಹಿ ಇದು.

ನಿಮ್ಮ ಮಗಳು ಬಹುಶಃ ‘ರಿಪ್ಲೈ 1988’ ನೋಡಿ ಅಂದಿರುತ್ತಾಳೆ. ಎಲ್ಲರೂ ಅದನ್ನೇ ಹೇಳುವುದು. ನನಗೂ ಬಲು ಇಷ್ಟ, ಆದರೂ ಅದರಿಂದ ಶುರು ಮಾಡಬೇಡಿ. ಒಂದೊಂದು ಕಂತು ಒಂದೂವರೆ ಗಂಟೆಯ ಆಸುಪಾಸು. ಐದು ಮನೆ, ಮನೆತುಂಬ ಜನ, ಶುರುವಿನಲ್ಲಿ ಕಥೆ ಅಂತ ಏನೂ ಇಲ್ಲ. ನಿಮಗೆ ನಿದ್ದೆ ಬಂದದ್ದು ಇದನ್ನು ನೋಡುವಾಗಲೇ ಇರಬಹುದು! ‘ವೂ’ ಮುಗಿಸಿ, ಕೊರಿಯನ್ ಹೆಸರುಗಳಿಗೆ ಕಿವಿ ಪಳಗಿದ ಮೇಲೆ ಇದಕ್ಕೆ ಬನ್ನಿ. ಒಲಿಂಪಿಕ್ಸ್ ನಡೆದ ವರ್ಷದ ಸೋಲ್ ನಗರ, ಸ್ಸಾಂಗ್‌ಮುನ್-ದೊಂಗ್ ಬಡಾವಣೆಯ ಒಂದು ಓಣಿ. ನಾಯಕಿ ದೊಕ್-ಸನ್‌ಳ ಅಪ್ಪ ಬ್ಯಾಂಕ್ ನೌಕರ. ಯಾರದೋ ಸಾಲಕ್ಕೆ ಜಾಮೀನು ನಿಂತು ಕೈಸುಟ್ಟುಕೊಂಡು, ಸಂಸಾರ ಸಮೇತ ಅರ್ಧ ನೆಲಮಾಳಿಗೆಯ ಮನೆಗೆ ಬಂದಿದ್ದಾನೆ. ಮೊದಲ ಕಂತಿನಲ್ಲಿ ರಾತ್ರಿ ಊಟದ ಹೊತ್ತು. ಒಂದು ಮನೆಯ ಅಡುಗೆ ಬಟ್ಟಲಲ್ಲಿ ಪಕ್ಕದ ಮನೆಗೆ ಹೋಗುತ್ತದೆ. ಅಲ್ಲಿಂದ ಖಾಲಿ ಬಟ್ಟಲು ವಾಪಸ್ ಬರುವ ಹಾಗಿಲ್ಲ, ಬೇರೇನಾದರೂ ತುಂಬಿಕೊಂಡೇ ಬರಬೇಕು. ಮಕ್ಕಳು ಬಟ್ಟಲು ಹಿಡಿದು ಓಣಿಯಲ್ಲಿ ಓಡಿದ್ದೇ ಓಡಿದ್ದು. ಈ ಪದ್ಧತಿಯನ್ನು ನಿಮ್ಮ ಅತ್ತೆಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ?

ಪ್ರೇಮಕಥೆಯೇ ಬೇಕು ಅಂದರೆ ‘ಕ್ರಾಶ್ ಲ್ಯಾಂಡಿಂಗ್ ಆನ್ ಯು’. ಪ್ಯಾರಾಗ್ಲೈಡಿಂಗ್ ಮಾಡುತ್ತಿದ್ದ ದಕ್ಷಿಣ ಕೊರಿಯಾದ ಶ್ರೀಮಂತ ಹೆಣ್ಣು ಸುಂಟರಗಾಳಿಗೆ ಸಿಕ್ಕಿ ಉತ್ತರ ಕೊರಿಯಾದಲ್ಲಿ ಬೀಳುತ್ತಾಳೆ, ಸಿಗುವುದು ಒಬ್ಬ ಸೇನಾಧಿಕಾರಿಯ ಕೈಗೆ. ಕೇಳಿದರೆ ಬರೀ ಬುರುಡೆ ಅನ್ನಿಸುತ್ತದೆ. ಆದರೆ ಅಲ್ಲಿನ ಹಳ್ಳಿ, ಕರೆಂಟ್ ಹೋಗಿ ರಾತ್ರಿಯಿಡೀ ನಿಂತ ರೈಲು, ಗುಂಪು ಕಟ್ಟಿಕೊಂಡು ಹರಟುವ ಹೆಂಗಸರು, ಇದೆಲ್ಲ ಉತ್ತರದಿಂದ ತಪ್ಪಿಸಿಕೊಂಡು ಬಂದವರನ್ನು ಕೇಳಿ ತಿಳಿದು ಬರೆದದ್ದು. ನಾಯಕ-ನಾಯಕಿಗಿಂತ ನನಗೆ ಆ ಹೆಂಗಸರೇ ಜಾಸ್ತಿ ಇಷ್ಟ. (ನಾಯಕ ಹ್ಯೂನ್ ಬಿನ್, ನಾಯಕಿ ಸನ್ ಯೆ-ಜಿನ್ 2022ರಲ್ಲಿ ನಿಜವಾಗಿಯೂ ಮದುವೆಯಾದರು. ಮಗಳು ಇದನ್ನು ಹೇಗೂ ಹೇಳಿರುತ್ತಾಳೆ.)

ಇನ್ನೊಂದು ಮಾತು. ನಮ್ಮಲ್ಲಿ ಸಾವಿರ ಕಂತು ದಾಟುವ ಧಾರಾವಾಹಿಗಳಿವೆ. ನಾವು ಓಟಿಟಿಯಲ್ಲಿ ನೋಡುವ ಕೊರಿಯನ್ ಕಥೆಗಳು ಸಾಮಾನ್ಯವಾಗಿ 12ರಿಂದ 16 ಕಂತಿಗೆ ಮುಗಿಯುತ್ತವೆ. ಹೆಚ್ಚಾಗಿ ಒಬ್ಬರೇ ಲೇಖಕರು ಕೊನೆಯವರೆಗೂ ಬರೆಯುತ್ತಾರೆ. ಹಾಗಂತ ಕೊರಿಯಾದಲ್ಲಿ ಎಲ್ಲವೂ ಹೀಗೇ ಅಂದುಕೊಳ್ಳಬೇಡಿ. ನೂರು ಕಂತು ದಾಟುವ ದಿನವಹಿ ಧಾರಾವಾಹಿಗಳು ಅಲ್ಲೂ ಇವೆ. ಅತ್ತೆ-ಸೊಸೆ ಜಗಳ, ಆಸ್ಪತ್ರೆಯಲ್ಲಿ ಅದಲುಬದಲಾದ ಮಗು, ನೆನಪು ಕಳೆದುಕೊಂಡ ಗಂಡ, ಯಾವುದಕ್ಕೂ ಕೊರತೆಯಿಲ್ಲ. ಅವು ನಮ್ಮವರೆಗೆ ಬರುವುದು ಕಡಿಮೆ, ಅಷ್ಟೇ.

ಪ್ರಶ್ನೆ: ಒಂಬತ್ತನೇ ಕ್ಲಾಸಿನ ಮಗ ‘ಸ್ಕ್ವಿಡ್ ಗೇಮ್’ ನೋಡುತ್ತೇನೆ ಅಂತ ಹಟ ಹಿಡಿದಿದ್ದಾನೆ. ಬಿಡಬಹುದೇ?
– ಹಾಸನದ ಓದುಗರು

ಉತ್ತರ: ಬೇಡ. ಕೊರಿಯಾದಲ್ಲೇ ಅದು ದೊಡ್ಡವರಿಗೆ ಮಾತ್ರ ಎಂಬ ವರ್ಗದಲ್ಲಿದೆ. ಮಕ್ಕಳ ಆಟ ಇದೆ ಅಂದ ಮಾತ್ರಕ್ಕೆ ಮಕ್ಕಳ ಕಥೆ ಅಲ್ಲ. ಹಣಕ್ಕಾಗಿ ದೊಡ್ಡವರು ಆಡುವ ಆಟ, ಸೋತವರಿಗೆ ಸಾವು. ಮೊದಲ ಆಟದಲ್ಲೇ ಹೆಣಗಳ ರಾಶಿ ಬೀಳುತ್ತದೆ. ನೀವು ಬೇಕಾದರೆ ನೋಡಿ. ಮೊದಲ ಸೀಸನ್ 9 ಕಂತು. ಅದರಲ್ಲಿ ಅಲಿ ಎಂಬ ವಲಸೆ ಕಾರ್ಮಿಕನ ಪಾತ್ರ ಮಾಡಿದ ಅನುಪಮ್ ತ್ರಿಪಾಠಿ ದೆಹಲಿಯವರು.

ಹುಡುಗನಿಗೆ ‘ರ‍್ಯಾಕೆಟ್ ಬಾಯ್ಸ್’ ಹಾಕಿಕೊಡಿ. 2021ರದ್ದು. ಸೋಲ್‌ನ ಹುಡುಗನೊಬ್ಬ ದಕ್ಷಿಣದ ತುದಿಯ ಹೇನಾಮ್ ಎಂಬ ಹಳ್ಳಿಗಾಡಿಗೆ ಬಂದು, ಮುಚ್ಚಿಹೋಗುವ ಸ್ಥಿತಿಯಲ್ಲಿರುವ ಶಾಲೆಯ ಬ್ಯಾಡ್ಮಿಂಟನ್ ತಂಡ ಸೇರುತ್ತಾನೆ. ಪ್ರಕಾಶ್ ಪಡುಕೋಣೆಯವರ ನಾಡಿನ ಮಕ್ಕಳಿಗೆ ಆಟ ಹೊಸದೇನಲ್ಲ. ಹುಡುಕುವಾಗ ಮಾತ್ರ ಹುಷಾರು. ಒಂದಕ್ಷರ ತಪ್ಪಿದರೆ ಹೋಮಿ ಭಾಭಾ ಅವರ ಕಥೆಯ ‘ರಾಕೆಟ್ ಬಾಯ್ಸ್’ ತೆರೆದುಕೊಳ್ಳುತ್ತದೆ. ಅದೂ ಕೆಟ್ಟದ್ದಲ್ಲ ಬಿಡಿ, ಆದರೆ ಬ್ಯಾಡ್ಮಿಂಟನ್ ಇರುವುದಿಲ್ಲ.

ಪ್ರಶ್ನೆ: ಅಮ್ಮನಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಆಗುವುದಿಲ್ಲ. ಏನು ಮಾಡಲಿ?
– ಬಳ್ಳಾರಿಯ ಓದುಗರು

ಉತ್ತರ: ಕೆಲವಕ್ಕೆ ಹಿಂದಿ, ಕೆಲವಕ್ಕೆ ತೆಲುಗು, ತಮಿಳು ಡಬ್ಬಿಂಗ್ ಇದೆ. ನೋಡಲು ಕೂರುವ ಮುಂಚೆ ಆಡಿಯೊ ಪಟ್ಟಿ ತೆರೆದು ನೋಡಿಕೊಳ್ಳಿ. ಬಳ್ಳಾರಿಯವರಿಗೆ ತೆಲುಗು ಕಷ್ಟವಾಗಲಿಕ್ಕಿಲ್ಲ. ಡಬ್ಬಿಂಗ್‌ನಲ್ಲಿ ನಟರ ದನಿ ಹೋಗುತ್ತದೆ, ನಿಜ. ಮೂಲದ ಧ್ವನಿಯಲ್ಲೇ ನೋಡಬೇಕು ಅನ್ನುವವರು ನೋಡಲಿ. ಅಮ್ಮನ ಪಕ್ಕ ಕೂತು ಸಾಲು ಸಾಲಿಗೂ ಅರ್ಥ ಹೇಳುವುದಕ್ಕಿಂತ ಡಬ್ಬಿಂಗ್ ಎಷ್ಟೋ ವಾಸಿ. ಮೊದಲ ಕಂತಿಗೇ ಬೇಡ ಅಂದರೆ ಇನ್ನೊಂದು ಕಂತು ತೋರಿಸಿ. ನಾಲ್ಕಾದರೂ ಹಿಡಿಸಲಿಲ್ಲ ಅಂದರೆ ಸುಮ್ನೆ ಎಳೆಯಬೇಡಿ, ಬೇರೆ ಹಾಕಿ.