ಬಾಳೆಹಣ್ಣು, ಶಿಲುಬೆ, ಕಾದಂಬರಿ: ಪಶ್ಚಿಮದ ಅವನತಿ ಇವುಗಳಲ್ಲಿ ಕಾಣುತ್ತದೆಯೇ?

ಗೋಡೆಗೆ ಅಂಟಿಸಿದ ಬಾಳೆಹಣ್ಣು, ಮೂತ್ರದಲ್ಲಿ ಮುಳುಗಿಸಿದ ಶಿಲುಬೆ, ಫ್ರೆಂಚ್ ಲೇಖಕ ಮಿಶೆಲ್ ವೆಲ್ಬೆಕ್‌ನ ಕಾದಂಬರಿಗಳು. ಈ ಮೂರನ್ನೂ ಒಂದೇ ಸಾಲಿನಲ್ಲಿಟ್ಟು, ಪಾಶ್ಚಾತ್ಯ ಸಂಸ್ಕೃತಿ ಕೊಳೆಯುತ್ತಿದೆ ಎಂಬುದಕ್ಕೆ ಇಷ್ಟು ಸಾಕ್ಷಿ ಸಾಲದೇ ಎಂದು ಕೇಳಿದ್ದೀರಿ. ಒಂದು ಕಾಲಕ್ಕೆ ನನ್ನ ಪ್ರಶ್ನೆಯೂ ಇದೇ ಆಗಿತ್ತು. ಈಗ ಖಂಡಿತವಾಗಿ ಹೇಳುತ್ತೇನೆ: ಸಾಲದು. ಈ ಮೂರೂ ಒಂದೇ ಜಾತಿಯ ಸಾಕ್ಷಿಗಳೂ ಅಲ್ಲ.

ನಿಮ್ಮ ಪ್ರಶ್ನೆಯೊಳಗೆ ಒಂದು ತಪ್ಪು ಅಡಗಿದೆ. ಅದು ಚೆನ್ನಾಗಿ ಕಾಣಬೇಕಾದರೆ 1857ರ ಪ್ಯಾರಿಸ್ಸಿಗೆ ಹೋಗಬೇಕು. ಆ ವರ್ಷದ ಜನವರಿ 29ರಂದು ಸರ್ಕಾರಿ ವಕೀಲ ಅರ್ನೆಸ್ಟ್ ಪಿನಾರ್, ಗುಸ್ತಾವ್ ಫ್ಲೋಬೇರ್ ಬರೆದ 'ಮದಾಂ ಬೊವಾರಿ' ಕಾದಂಬರಿಯ ಭಾಗಗಳನ್ನು ನ್ಯಾಯಾಲಯದಲ್ಲಿ ಓದಿದ. ಕತೆಯ ನಾಯಕಿ, ಮದುವೆಯಾದ ಎಮ್ಮಾ ಮೊದಲ ಸಲ ಪರಪುರುಷನನ್ನು ಕೂಡಿ ಮನೆಗೆ ಬಂದು ಕನ್ನಡಿಯಲ್ಲಿ ಮುಖ ನೋಡಿಕೊಳ್ಳುತ್ತಾಳೆ. ಕಣ್ಣುಗಳು ಹಿಂದೆಂದೂ ಇಲ್ಲದಷ್ಟು ದೊಡ್ಡವಾಗಿ, ಕಪ್ಪಾಗಿ, ಆಳವಾಗಿ ಕಾಣುತ್ತವೆ. ತನಗೊಬ್ಬ ಪ್ರಿಯಕರನಿದ್ದಾನೆ ಎಂದು ಮತ್ತೆ ಮತ್ತೆ ಹೇಳಿಕೊಂಡು ಹಿಗ್ಗುತ್ತಾಳೆ. ಇದು ವ್ಯಭಿಚಾರದ ವೈಭವೀಕರಣ, ಇಡೀ ಪುಸ್ತಕದಲ್ಲಿ ಈ ಹೆಂಗಸನ್ನು ಖಂಡಿಸುವವರು ಒಬ್ಬರೂ ಇಲ್ಲ ಎಂಬುದು ಪಿನಾರ್‌ನ ವಾದ.

ಅವನು ಎಡವಿದ ಜಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಂದಿಗೂ ಎಲ್ಲರೂ ಎಡವುವುದು ಇಲ್ಲೇ. ಆ ಪುಟದ ಸಂತೋಷದ ವಾಕ್ಯಗಳಲ್ಲಿ ಬಹುಪಾಲಿಗೆ ಉದ್ಧರಣ ಚಿಹ್ನೆ ಇಲ್ಲ, 'ಎಂದುಕೊಂಡಳು' ಎಂಬ ಬಾಲವೂ ಇಲ್ಲ. ಕನ್ನಡದಲ್ಲಿ 'ಅವಳಿಗಿನ್ನು ಏನು ಕೊರತೆ? ಬಯಸಿದ್ದೆಲ್ಲ ಕೈಗೆ ಬಂದಿತ್ತು' ಎಂದು ಬರೆದರೆ ವಾಕ್ಯ ನಿರೂಪಕನದು, ಮನಸ್ಸು ಪಾತ್ರದ್ದು. ಫ್ಲೋಬೇರ್ ಬರೆದದ್ದು ಹಾಗೆ. ಪಿನಾರ್ ಆ ಮನಸ್ಸನ್ನು ಲೇಖಕನ ಅಭಿಪ್ರಾಯ ಎಂದು ಓದಿದ. ಪುಟ ತಿರುಗಿಸುತ್ತ ಹೋದರೆ ಎಮ್ಮಾಳನ್ನು ಮುಗಿಸುವುದು ಬಟ್ಟೆ ವ್ಯಾಪಾರಿಗೆ ಸಹಿ ಹಾಕಿಕೊಟ್ಟ ಸಾಲಪತ್ರಗಳು. 24 ಗಂಟೆಯೊಳಗೆ 8,000 ಫ್ರಾಂಕ್ ಕಟ್ಟಬೇಕೆಂಬ ಆದೇಶ ಬರುತ್ತದೆ, ಆಮೇಲೆ ಆರ್ಸೆನಿಕ್ ವಿಷ. ಕನ್ನಡಿಯ ಮುಂದಿನ ಹಿಗ್ಗಿಗೂ ಈ ಲೆಕ್ಕಕ್ಕೂ ಇರುವ ದೂರದಲ್ಲೇ ಕಾದಂಬರಿಯ ಅರ್ಥವಿದೆ. ತುಣುಕನ್ನಷ್ಟೇ ಕತ್ತರಿಸಿ ನ್ಯಾಯಾಲಯಕ್ಕೆ ತಂದವನಿಗೆ ಆ ದೂರ ಕಾಣುವುದಿಲ್ಲ. ಫೆಬ್ರುವರಿ 7ರಂದು ನ್ಯಾಯಾಲಯ ಫ್ಲೋಬೇರ್‌ಗೆ ಬುದ್ಧಿ ಹೇಳಿ ಬಿಟ್ಟುಬಿಟ್ಟಿತು. ಅದೇ ವರ್ಷದ ಆಗಸ್ಟ್‌ನಲ್ಲಿ ಅದೇ ಪಿನಾರ್ ಕವಿ ಬೋದಿಲೇರನ ಮೇಲೆ ಬಿದ್ದ. 300 ಫ್ರಾಂಕ್ ದಂಡ, ಆರು ಕವಿತೆಗಳಿಗೆ ನಿಷೇಧ. ಆ ತೀರ್ಪು ರದ್ದಾದದ್ದು 1949ರಲ್ಲಿ.

ನಮ್ಮಲ್ಲೂ 1965ರಲ್ಲಿ 'ಸಂಸ್ಕಾರ' ಬಂದಾಗ ಅಗ್ರಹಾರದ ಪಾತ್ರಗಳ ಬಾಯಿಯ ಮಾತನ್ನು ಅನಂತಮೂರ್ತಿಯವರ ತೀರ್ಪು ಎಂದೇ ಓದಿ ಕೆರಳಿದವರಿದ್ದರು. ಸಿನಿಮಾವನ್ನು ಸೆನ್ಸಾರ್ ಮೊದಲು ತಡೆದಿತ್ತು, ಆಮೇಲೆ ಅದಕ್ಕೇ ರಾಷ್ಟ್ರಪ್ರಶಸ್ತಿ ಬಂತು.

ಈಗ ವೆಲ್ಬೆಕ್. 2015ರ ಜನವರಿ 7ರಂದು ಬಂದ 'ಸುಮಿಸ್ಯೋಂ' (ಶರಣಾಗತಿ) ಕಾದಂಬರಿಯಲ್ಲಿ, 2022ರ ಫ್ರಾನ್ಸ್‌ನಲ್ಲಿ ಮುಸ್ಲಿಂ ಪಕ್ಷವೊಂದರ ನಾಯಕ ಅಧ್ಯಕ್ಷನಾಗುತ್ತಾನೆ. ಕತೆ ಹೇಳುವವನು ಸೊರ್ಬೊನ್‌ನ ಒಬ್ಬ ಪ್ರಾಧ್ಯಾಪಕ. ಕೊನೆಯಲ್ಲಿ ಅವನು ಮತಾಂತರವಾಗುತ್ತಾನೆ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಆ ಕೊನೆಯ ಪುಟಗಳ ಕ್ರಿಯಾಪದಗಳನ್ನು ಗಮನಿಸಿ. 'ಮಾಡಿದೆ' ಅಲ್ಲ, 'ಮಾಡುವೆನೇನೋ' ಎಂಬ ಸಂಭಾವನಾರ್ಥಕ ರೂಪದಲ್ಲಿವೆ. ಮತಾಂತರ ಕಲ್ಪನೆಯೋ ನಿರ್ಧಾರವೋ ನೆಪವೋ ಎಂಬುದನ್ನು ಲೇಖಕ ತೆರೆದೇ ಬಿಟ್ಟಿದ್ದಾನೆ. ಇಂಥ ಪುಟವನ್ನು 'ಪಶ್ಚಿಮ ಶರಣಾಯಿತು' ಎಂಬ ವರದಿಯಂತೆ ಓದುವವರು ಪಿನಾರ್‌ನ ಪಕ್ಕದ ಕುರ್ಚಿಯಲ್ಲೇ ಕೂತಿದ್ದಾರೆ.

ಆ ಪ್ರಾಧ್ಯಾಪಕನ ಅಧ್ಯಯನದ ವಿಷಯ ಉಯಿಸ್ಮಾನ್ಸ್ ಎಂಬ ಕಾದಂಬರಿಕಾರ. ಅವನ 1884ರ ಕಾದಂಬರಿಯ ನಾಯಕ ಆಮೆಯ ಚಿಪ್ಪಿಗೆ ಚಿನ್ನ ಹೊದಿಸಿ, ರತ್ನ ಕೂರಿಸಿ, ರತ್ನಗಂಬಳಿಯ ಮೇಲೆ ಓಡಾಡಲು ಬಿಡುತ್ತಾನೆ. ಭಾರ ತಾಳಲಾರದೆ ಆಮೆ ಸಾಯುತ್ತದೆ. 1886ರಲ್ಲಿ ಪ್ಯಾರಿಸ್‌ನಲ್ಲಿ 'ಲ ದೆಕಾದಾಂ', ಅಂದರೆ ಅವನತಿಯವನು, ಎಂದೇ ಹೆಸರಿಟ್ಟುಕೊಂಡ ಪತ್ರಿಕೆ ಹೊರಟಿತು. ಅದೇ ಕಾಲದಲ್ಲಿ ಸೆಜಾನ್ ಬೆಟ್ಟ, ಸೇಬುಗಳನ್ನು ಚಿತ್ರಿಸುತ್ತಿದ್ದ, ದೆಬುಸಿ ಸಂಗೀತಕ್ಕೆ ಹೊಸ ದಾರಿ ಹುಡುಕುತ್ತಿದ್ದ. ಮುಗಿಯಿತು ಎಂಬ ಕೂಗನ್ನು ನಂಬಿ ಆಗ ಕಣ್ಣು ಮುಚ್ಚಿಕೊಂಡವರಿಗೆ ಇವರಿಬ್ಬರೂ ತಪ್ಪಿಹೋದರು.

ಶಿಲುಬೆಯ ವಿಷಯದಲ್ಲಿ ತಪ್ಪು ಇನ್ನೊಂದು ಬಗೆಯದು: ಶೀರ್ಷಿಕೆ ಓದಿ ಚಿತ್ರ ನೋಡದಿರುವುದು. ಅಮೆರಿಕದ ಕಲಾವಿದ ಆಂಡ್ರೆಸ್ ಸೆರಾನೊ 1987ರಲ್ಲಿ ತನ್ನದೇ ಮೂತ್ರದಲ್ಲಿ ಚಿಕ್ಕ ಪ್ಲಾಸ್ಟಿಕ್ ಶಿಲುಬೆಯನ್ನು ಮುಳುಗಿಸಿ ತೆಗೆದ ಫೋಟೋ ಅದು, ಹೆಸರು 'ಪಿಸ್ ಕ್ರೈಸ್ಟ್', ಅಂದರೆ ಮೂತ್ರದ ಕ್ರಿಸ್ತ. ಎತ್ತರ 60 ಇಂಚು, ಅಗಲ 40. ಹೆಸರು ತಿಳಿಯದೆ ಎದುರು ನಿಂತವರಿಗೆ ಕಾಣುವುದು ಕೆಂಪು, ಜೇನುಬಣ್ಣದ ಬೆಳಕು, ಸಣ್ಣ ಗುಳ್ಳೆಗಳು, ಅದರೊಳಗೆ ಕ್ರಿಸ್ತ. ಅಸಹ್ಯ ಹುಟ್ಟಿಸುವುದು ಹೆಸರು. 1989ರ ಮೇ 18ರಂದು ಅಮೆರಿಕದ ಸೆನೆಟ್‌ನಲ್ಲಿ ಸೆನೆಟರ್ ಆಲ್ಫೋನ್ಸ್ ಡಮಾಟೊ ಪ್ರದರ್ಶನದ ಕ್ಯಾಟಲಾಗನ್ನು ಹರಿದೆಸೆದ. ಕಲಾವಿದನಿಗೆ ಸಿಕ್ಕ 15,000 ಡಾಲರ್‌ನಲ್ಲಿ ಸಾರ್ವಜನಿಕ ಹಣವೂ ಸೇರಿದೆ ಎಂಬುದು ಆಕ್ಷೇಪ. ಸೆರಾನೊ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವನು. 2023ರ ಜೂನ್‌ನಲ್ಲಿ ಪೋಪ್ ಫ್ರಾನ್ಸಿಸ್ ಸಿಸ್ಟೀನ್ ಚಾಪೆಲ್‌ಗೆ ಕರೆಸಿದ ಕಲಾವಿದರಲ್ಲಿ ಅವನೂ ಇದ್ದ. ಭಕ್ತರಿಗಾದ ನೋವು ನಿಜವಾದದ್ದು, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಒಂದು ಫೋಟೋ ಶಾಸನಸಭೆಯನ್ನು ಅಲ್ಲಾಡಿಸುವ ದೇಶದಲ್ಲಿ ಪವಿತ್ರ ಎಂಬುದು ಸತ್ತಿಲ್ಲ. ಯಾರೂ ತಲೆ ಎತ್ತದೆ ದಾಟಿಹೋಗಿದ್ದರೆ ನಿಮ್ಮ ಮಾತನ್ನು ಒಪ್ಪುತ್ತಿದ್ದೆ.

ಸಾರ್ವಜನಿಕ ಹಣದ ಆಕ್ಷೇಪಕ್ಕೆ ಒಂದು ಹಳೆಯ, ಕೆಟ್ಟ ಚರಿತ್ರೆಯಿದೆ. 1937ರ ಜುಲೈ 19ರಂದು ಮ್ಯೂನಿಕ್‌ನಲ್ಲಿ ನಾಜಿಗಳು 'ಅವನತ ಕಲೆ' ಪ್ರದರ್ಶನ ತೆರೆದರು. ವಸ್ತುಸಂಗ್ರಹಾಲಯಗಳಿಂದ ಕಿತ್ತು ತಂದ ಸುಮಾರು 650 ಕೃತಿಗಳನ್ನು ಒತ್ತೊತ್ತಾಗಿ ತೂಗುಹಾಕಿ, ಗೋಡೆಯ ಮೇಲೆ ಅಣಕದ ಮಾತು ಬರೆಸಿದರು. ಕೆಲವು ಚಿತ್ರಗಳ ಪಕ್ಕದಲ್ಲಿ ಕೊಂಡ ಬೆಲೆಯ ಚೀಟಿ, ದುಡಿಯುವ ಜನರ ತೆರಿಗೆ ಹಣ ಎಂಬ ಒಕ್ಕಣೆ. ಆ ಬೆಲೆಗಳಲ್ಲಿ ಎಷ್ಟೋ 1920ರ ದಶಕದ ಆರಂಭದ ಮಹಾ ಹಣದುಬ್ಬರದ ಮಾರ್ಕುಗಳಲ್ಲಿದ್ದವು. ನೋಡಿದವರಿಗೆ ಅಂಕಿ ಮಾತ್ರ ಕಂಡಿತು, ಹಣದುಬ್ಬರ ಕಾಣಲಿಲ್ಲ. ಸಾವಿರಕ್ಕೂ ಹೆಚ್ಚು ಕೃತಿಗಳನ್ನು ಕಳೆದುಕೊಂಡ ಚಿತ್ರಕಾರ ಎಮಿಲ್ ನೋಲ್ಡ ಸ್ವತಃ ನಾಜಿ ಪಕ್ಷದ ಸದಸ್ಯ. ಕಲೆಯನ್ನು ಹಿಡಿದು ಸಂಸ್ಕೃತಿಗೆ ರೋಗಪತ್ರ ಬರೆಯುವ ಕೆಲಸ ಎಲ್ಲಿಗೆ ಹೋಗಿ ಮುಟ್ಟಬಹುದು ಎಂಬುದಕ್ಕೆ ಆ ಚೀಟಿಗಳೇ ದಾಖಲೆ.

ಬಾಳೆಹಣ್ಣಿನ ವಿಷಯದಲ್ಲಿ ಮಾತ್ರ ನಿಮ್ಮ ಅಸಮಾಧಾನಕ್ಕೆ ನನ್ನ ಒಪ್ಪಿಗೆಯಿದೆ, ಕಾರಣ ಬೇರೆ. ಇಟಲಿಯ ಕಲಾವಿದ ಮೌರಿಜಿಯೊ ಕಟ್ಟೆಲಾನ್ 2019ರಲ್ಲಿ ಮಿಯಾಮಿಯಲ್ಲಿಟ್ಟ ಕೃತಿಗೆ ಮೂರು ಪ್ರತಿಗಳು, ಆರಂಭದ ಬೆಲೆ ತಲಾ 1,20,000 ಡಾಲರ್. ಕೊಂಡವನಿಗೆ ಸೇರುವುದು ಒಂದು ದೃಢೀಕರಣ ಪತ್ರ ಮತ್ತು ಸೂಚನಾಪುಸ್ತಿಕೆ: ನೆಲದಿಂದ 175 ಸೆಂ.ಮೀ. ಎತ್ತರದಲ್ಲಿ ಅಂಟಿಸಿ, ಏಳರಿಂದ ಹತ್ತು ದಿನಕ್ಕೊಮ್ಮೆ ಹಣ್ಣು ಬದಲಿಸಿ. 2024ರ ನವೆಂಬರ್‌ನಲ್ಲಿ ನ್ಯೂಯಾರ್ಕ್‌ನ ಹರಾಜಿನಲ್ಲಿ ಒಂದು ಪ್ರತಿಯನ್ನು ಕ್ರಿಪ್ಟೊ ಉದ್ಯಮಿ ಜಸ್ಟಿನ್ ಸನ್ 62 ಲಕ್ಷ ಡಾಲರ್ ಕೊಟ್ಟು ಕೊಂಡ. ಆ ದಿನದ ಹಣ್ಣು ಬೀದಿಬದಿಯ ಅಂಗಡಿಯಲ್ಲಿ 35 ಸೆಂಟಿಗೆ ತಂದದ್ದು, ಮಾರಿದವರು ಬಾಂಗ್ಲಾದೇಶದಿಂದ ಬಂದ ವೃದ್ಧರು. ಇಲ್ಲಿ ನೈತಿಕತೆ ಕುಸಿದಿಲ್ಲ, ಕೃತಿಯ ಸುತ್ತ ವಾದ ಮಾಡುವ ಅಗತ್ಯವೇ ಕುಸಿದಿದೆ. ಫ್ಲೋಬೇರ್‌ನ ವಿರುದ್ಧ ಮಾತನಾಡಲು ಪಿನಾರ್ ಪುಟಗಳನ್ನಾದರೂ ಓದಬೇಕಾಯಿತು. ಬಾಳೆಹಣ್ಣಿನ ಬಗ್ಗೆ ಮಾತನಾಡಲು ಬೆಲೆ ಗೊತ್ತಿದ್ದರೆ ಸಾಕು.

ಹಾಗಾಗಿ ವೆಲ್ಬೆಕ್‌ನಿಂದ ಆರಂಭಿಸಬೇಡಿ. 'ಮದಾಂ ಬೊವಾರಿ'ಯ ಎರಡನೆಯ ಭಾಗದ ಒಂಬತ್ತನೆಯ ಅಧ್ಯಾಯ ತೆಗೆದುಕೊಳ್ಳಿ, ಕನ್ನಡಿಯ ದೃಶ್ಯ ಇರುವುದು ಅಲ್ಲಿ. ಪೆನ್ಸಿಲ್ ಹಿಡಿದು ಪ್ರತಿ ವಾಕ್ಯದ ಪಕ್ಕದಲ್ಲಿ ಅದು ಎಮ್ಮಾಳ ಮನಸ್ಸೋ ನಿರೂಪಕನ ಮಾತೋ ಎಂದು ಗುರುತು ಹಾಕಿ. ಎರಡೂ ಹೌದು ಅನಿಸಿದಲ್ಲಿ ಎರಡನ್ನೂ ಹಾಕಿ, ಅಂಥ ವಾಕ್ಯಗಳು ಬೇಕಾದಷ್ಟು ಸಿಗುತ್ತವೆ. ಅದಾದ ಮೇಲೆ ಪಿನಾರ್‌ನ ಭಾಷಣ ಓದಿ. ಹಲವು ಫ್ರೆಂಚ್ ಆವೃತ್ತಿಗಳಲ್ಲಿ ವಿಚಾರಣೆಯ ಪಾಠ ಕಾದಂಬರಿಯ ಕೊನೆಯಲ್ಲೇ ಅಚ್ಚಾಗಿರುತ್ತದೆ.