32 ಕೋರ್‌ಗಳಲ್ಲಿ ಯಾವ ಓಎಸ್ ಮುಂದು?

ಪ್ರಶ್ನೆ: ನಮ್ಮ ಕಾಲೇಜಿಗೆ 32 ಪ್ರೊಸೆಸರ್‌ಗಳನ್ನು ತೋರಿಸುವ ಸರ್ವರ್ ಬಂದಿದೆ. ಅದರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್ ನಡೆಸಬೇಕು. ಲಿನಕ್ಸ್, ಫ್ರೀಬಿಎಸ್‌ಡಿ, ಓಪನ್‌ಬಿಎಸ್‌ಡಿ ಮೂರನ್ನೂ ಹಾಕಿ ನೋಡಿದ ವಿದ್ಯಾರ್ಥಿಗಳು ಲಿನಕ್ಸ್ ಬಹಳ ಮುಂದಿದೆ ಎನ್ನುತ್ತಾರೆ. ನಂಬಬಹುದೇ?

ಉತ್ತರ: ಮೊದಲು ಓಪನ್‌ಬಿಎಸ್‌ಡಿಯಲ್ಲಿ ಎಷ್ಟು ಪ್ರೊಸೆಸರ್‌ಗಳು ಕೆಲಸ ಮಾಡುತ್ತಿದ್ದವು ಎಂದು ಕೇಳಿ. 2018ರಿಂದ ಈ ವ್ಯವಸ್ಥೆ ಸುರಕ್ಷತೆಯ ದೃಷ್ಟಿಯಿಂದ ಹೈಪರ್‌ಥ್ರೆಡಿಂಗ್ ಅನ್ನು, ಅಂದರೆ ಒಂದು ನಿಜವಾದ ಕೋರ್ ಎರಡು ಪ್ರೊಸೆಸರ್‌ಗಳಂತೆ ಕಾಣಿಸಿಕೊಳ್ಳುವ ಸೌಲಭ್ಯವನ್ನು, ತಾನಾಗಿಯೇ ಆಫ್ ಮಾಡಿಡುತ್ತದೆ. ನಿಮ್ಮ ಸರ್ವರ್‌ನಲ್ಲಿರುವುದು 16 ನಿಜವಾದ ಕೋರ್‌ಗಳಾಗಿದ್ದರೆ, ಲಿನಕ್ಸ್ 32ರ ಮೇಲೆ ಓಡಿದೆ, ಓಪನ್‌ಬಿಎಸ್‌ಡಿ 16ರ ಮೇಲೆ. ಅದನ್ನು ಹೋಲಿಕೆ ಎನ್ನಲಾಗದು. ಫ್ರೀಬಿಎಸ್‌ಡಿಯ 'ಕರೆಂಟ್', ಅಂದರೆ ಇನ್ನೂ ಅಭಿವೃದ್ಧಿಯಲ್ಲಿರುವ ಆವೃತ್ತಿ ಹಾಕಿದ್ದರೆ ಅದೂ ತಪ್ಪು. ಒಂದೇ ಮಾಹಿತಿಯನ್ನು ಒಮ್ಮೆಗೆ ಒಂದೇ ಕೋರ್ ಮುಟ್ಟುವಂತೆ ಕಾಯುವ 'ಲಾಕ್'ಗಳ ಸರಿತಪ್ಪು ನೋಡುವ ತಪಾಸಣೆಗಳು ಅದರಲ್ಲಿ ಮೊದಲಿಂದಲೇ ಚಾಲೂ ಇರುವುದರಿಂದ ವೇಗ ಕುಸಿಯುತ್ತದೆ. ಬಿಡುಗಡೆಯಾದ ಆವೃತ್ತಿಯನ್ನೇ ಬಳಸಬೇಕು.

ಇನ್ನು, ಒಂದೇ ಅಂಕಿ ಸಾಲದು. ಅದೇ ಕೆಲಸವನ್ನು 1, 2, 4, 8, 16 ಕೋರ್‌ಗಳಲ್ಲಿ ಓಡಿಸಿ ಗ್ರಾಫ್ ಬರೆಸಿ. ಒಂದೇ ಕೋರ್‌ನಲ್ಲೂ ಹಿಂದಿರುವ ವ್ಯವಸ್ಥೆಯ ತೊಡಕು ಲಾಕ್‌ಗಳಲ್ಲಲ್ಲ, ಫೈಲ್ ಸಿಸ್ಟಮ್‌ನಲ್ಲೋ ಕಂಪೈಲರ್‌ನಲ್ಲೋ ಇರಬಹುದು. ಎಂಟರವರೆಗೆ ಏರಿದ ಗೆರೆ ಆಮೇಲೆ ಚಪ್ಪಟೆಯಾದರೆ, ಕೋರ್‌ಗಳು ಬಹುಪಾಲು ಯಾವುದೋ ಲಾಕ್‌ಗಾಗಿ ಕಾಯುತ್ತಿವೆ. ಆ ಲಾಕ್ ಡೇಟಾಬೇಸಿನೊಳಗೇ ಇರಬಹುದು ಎಂಬುದನ್ನು ಮರೆಯಬೇಡಿ. ಕೆಲಸದ ಶೇ 5ರಷ್ಟು ಭಾಗ ಸರದಿಯಲ್ಲೇ ನಡೆಯಬೇಕಾದರೂ, ಆಮ್ಡಾಲ್ ನಿಯಮದ ಪ್ರಕಾರ 32 ಕೋರ್‌ಗಳಿಂದ ದಕ್ಕುವುದು ಹನ್ನೆರಡೂವರೆ ಪಟ್ಟು ವೇಗ ಮಾತ್ರ.

ಈ ಲಾಕ್‌ಗಳ ಕಥೆ ಹಳೆಯದು. ಲಿನಕ್ಸ್ 1996ರಲ್ಲಿ ಬಹು ಪ್ರೊಸೆಸರ್‌ಗಳಿಗೆ ತೆರೆದುಕೊಂಡಾಗ ಇಡೀ ಕರ್ನಲ್‌ಗೆ, ಅಂದರೆ ಓಎಸ್‌ನ ತಿರುಳಿಗೆ, ಒಂದೇ ದೊಡ್ಡ ಲಾಕ್ ಇತ್ತು. ಅದನ್ನು ಚೂರುಚೂರಾಗಿ ಬಿಡಿಸುತ್ತಾ ಪೂರ್ತಿ ಕಿತ್ತುಹಾಕುವಷ್ಟರಲ್ಲಿ 2011 ಬಂದಿತ್ತು. ಫ್ರೀಬಿಎಸ್‌ಡಿಯಲ್ಲಿ ಅಂಥದ್ದೇ ಲಾಕ್‌ಗೆ 'ಜೈಂಟ್' ಎಂದೇ ಹೆಸರು. ಅದರೊಡನೆ ವರ್ಷಗಟ್ಟಲೆ ಗುದ್ದಾಡಿದ ಫಲ 2008ರ 7.0ರಲ್ಲಿ ಕಂಡಿತು. ಆಗಿನ ಅತ್ಯುತ್ತಮ ಲಿನಕ್ಸ್ ಕರ್ನಲ್‌ಗಿಂತ ಶೇ 15ರಷ್ಟು ಮುಂದಿದ್ದೇವೆ ಎಂದು ಆ ತಂಡ ಪ್ರಕಟಿಸಿತು. ನಿಮ್ಮ ಕೆಲಸದಲ್ಲಿ ಫಲಿತಾಂಶ ಬೇರೆಯಾಗಬಹುದು ಎಂದೂ ಅಲ್ಲೇ ಹೇಳಿತು. ಆ ಪ್ರಾಮಾಣಿಕತೆ ನನಗೆ ಬಹಳ ಮೆಚ್ಚುಗೆ. ಓಪನ್‌ಬಿಎಸ್‌ಡಿ 2004ರಲ್ಲಿ ಬಹು ಪ್ರೊಸೆಸರ್‌ಗಳ ಹಾದಿ ಹಿಡಿಯಿತು. ಸರಳತೆ, ಸುರಕ್ಷತೆಗಳಿಗೆ ಮೊದಲ ಮಣೆ ಹಾಕುವ ಅಲ್ಲಿ ಲಾಕ್ ಬಿಡಿಸುವ ಕೆಲಸ ನಿಧಾನವಾಗಿ ಸಾಗಿದೆ.

ಕಾಯುವಿಕೆಯನ್ನು ವಿದ್ಯಾರ್ಥಿಗಳು ಕಣ್ಣಾರೆ ಕಾಣಬಹುದು. ಓಪನ್‌ಬಿಎಸ್‌ಡಿಯ 'ಟಾಪ್' ಪರದೆಯಲ್ಲಿ ಲಾಕ್‌ಗಾಗಿ ಕಾಯುತ್ತಾ ಕಳೆದ ಸಮಯ ತೋರಿಸುವ 'ಸ್ಪಿನ್' ಎಂಬ ಅಂಕಣವೇ ಇದೆ. ಲಿನಕ್ಸ್‌ನಲ್ಲಿ 'ಪರ್ಫ್', ಫ್ರೀಬಿಎಸ್‌ಡಿಯಲ್ಲಿ 'ಲಾಕ್‌ಸ್ಟ್ಯಾಟ್' ಓಡಿಸಿದರೆ ಯಾವ ಲಾಕ್ ಎಂಬುದೂ ಹೊರಬೀಳುತ್ತದೆ.

ನಿಮ್ಮ ಡೇಟಾಬೇಸಿಗೆ ಲಿನಕ್ಸ್ ಅಥವಾ ಫ್ರೀಬಿಎಸ್‌ಡಿ, ಎರಡರಲ್ಲಿ ನಿಮ್ಮ ಸಿಬ್ಬಂದಿಗೆ ಚೆನ್ನಾಗಿ ಪಳಗಿರುವುದನ್ನು ಹಾಕಿ. ಓಪನ್‌ಬಿಎಸ್‌ಡಿಯನ್ನು ಕಾಲೇಜಿನ ಫೈರ್‌ವಾಲ್‌ಗೆ ಇಟ್ಟುಕೊಳ್ಳಿ.