ಡಾಂಟ್‌ಲೆಸ್: ಸ್ಪೀಡ್ ಇಲ್ಲದ ವಿಮಾನ ನಾಲ್ಕು ಕ್ಯಾರಿಯರ್ ಕೆಡವಿದ್ದು ಹೇಗೆ?

ಪ್ರಶ್ನೆ: ಸರ್, ಎರಡನೇ ಮಹಾಯುದ್ಧದಲ್ಲಿ ಪೆಸಿಫಿಕ್ ಸಾಗರದ ಮಿಡ್‌ವೇ ದ್ವೀಪದ ಹತ್ತಿರ ನಡೆದ ಯುದ್ಧದ ಬಗ್ಗೆ ಓದ್ತಾ ಇದ್ದೆ. ಅಮೆರಿಕದ ಡಾಂಟ್‌ಲೆಸ್ ಡೈವ್ ಬಾಂಬರ್‌ಗಳು ಒಂದೇ ದಿನದಲ್ಲಿ ಜಪಾನಿನ ನಾಲ್ಕು ಕ್ಯಾರಿಯರ್ (ವಿಮಾನ ಹೊರೋ ಯುದ್ಧನೌಕೆ) ಕೆಡವಿದ್ವು ಅಂತಾರೆ, ಆದ್ರೆ ಸ್ಪೀಡ್ ನೋಡಿದ್ರೆ ಜಪಾನಿನ ಝೀರೋ ಫೈಟರ್ ಮುಂದೆ ಅದು ಏನೂ ಅಲ್ಲ. ಮತ್ತೆ ಹೇಗೆ ಸಾಧ್ಯ ಆಯ್ತು? ಫೋಟೋದಲ್ಲಿ ರೆಕ್ಕೆ ಹಿಂದೆ ಸಾಲಾಗಿ ತೂತು ಕಾಣ್ತವೆ, ಅವು ಯಾಕೆ? ಈ ಥರದ ವಿಮಾನ ಈಗ ಯಾಕಿಲ್ಲ? ನಮ್ಮ ಕಡೆ ಯಾವಾಗಾದ್ರೂ ಬಂದಿತ್ತಾ?
– ಓದುಗರು, ಶಿವಮೊಗ್ಗ

ಉತ್ತರ: ತೂತಿನಿಂದಲೇ ಶುರು ಮಾಡ್ತೀನಿ, ಯಾಕಂದ್ರೆ ನಿಮ್ಮ ಮೊದಲನೇ ಪ್ರಶ್ನೆಗೂ ಅರ್ಧ ಉತ್ತರ ಅಲ್ಲೇ ಇದೆ.

ಡಗ್ಲಾಸ್ ಕಂಪನಿಯ ಎಸ್‌ಬಿಡಿ ಡಾಂಟ್‌ಲೆಸ್ ಹುಟ್ಟಿದ್ದು ನಾರ್ತ್ರಾಪ್ ಬಿಟಿ-1 ಅನ್ನೋ ಅದಕ್ಕಿಂತ ಹಳೇ ವಿಮಾನದಿಂದ, ಡಿಸೈನ್ ಮಾಡಿದ್ದು ಎಡ್ ಹೈನೆಮನ್. ಡೈವ್ ಬಾಂಬರ್ ಅಂದ್ರೆ ಮೇಲಿಂದ ಹೆಚ್ಚುಕಮ್ಮಿ ನೆಟ್ಟಗೆ, 70 ಡಿಗ್ರಿ ಕೋನದಲ್ಲಿ ಹಡಗಿನ ಮೇಲೆ ಧುಮುಕಬೇಕು. ಬ್ರೇಕ್ ಇಲ್ದೆ ಹಾಗೆ ಧುಮುಕಿದ್ರೆ ಸ್ಪೀಡ್ ವಿಪರೀತ ಏರಿ ಗುರಿ ಹಿಡಿಯೋಕೂ ಟೈಮ್ ಇರಲ್ಲ, ಮೇಲಕ್ಕೆ ಎತ್ತೋಕೂ ಆಗಲ್ಲ. ಅದಕ್ಕೇ ರೆಕ್ಕೆಯ ಹಿಂದಿನ ಅಂಚಲ್ಲಿ ಮೇಲಕ್ಕೂ ಕೆಳಕ್ಕೂ ತೆರೆದುಕೊಳ್ಳೋ ಫ್ಲ್ಯಾಪ್ ಹಾಕಿದ್ರು. ಬಿಟಿ-1ರಲ್ಲಿ ಈ ಫ್ಲ್ಯಾಪ್ ತೆರೆದಾಗ ಹಿಂದೆ ಗಾಳಿ ಸುಳಿ ಎದ್ದು ಬಾಲ ಗಡಗಡ ಅಲುಗಾಡ್ತಿತ್ತು, ಫ್ಲ್ಯಾಪ್ ತುಂಬಾ ಕ್ರಿಕೆಟ್ ಬಾಲ್ ತೂರುವಷ್ಟು ದೊಡ್ಡ ತೂತು ಕೊರೆದಾಗ ಆ ನಡುಕ ನಿಂತುಹೋಯ್ತು. ಇದರ ಫಲ ಏನಂದ್ರೆ, ವಿಮಾನ ಧುಮುಕುವಾಗ ಗಂಟೆಗೆ ಸುಮಾರು 440 ಕಿಮೀ ದಾಟದೆ, ಅಲುಗಾಡದೆ, ಪೈಲಟ್ ಕೈಮಾತು ಕೇಳ್ತಾ ಇಳೀತಿತ್ತು. 15,000 ಅಡಿಯಿಂದ ಇಳಿದು 2,000 ಅಡಿ ಹತ್ತಿರ ಬಾಂಬ್ ಬಿಡೋಕೆ ಅರ್ಧ ನಿಮಿಷದ ಮೇಲೆ ಸ್ವಲ್ಪ ಟೈಮ್, ಅಷ್ಟರಲ್ಲಿ ಕೆಳಗಿನ ಹಡಗು ಎತ್ತ ತಿರುಗ್ತಿದೆ ನೋಡಿ ಗುರಿ ಸರಿ ಮಾಡ್ಕೋಬಹುದಿತ್ತು. ಬಾಂಬ್ ಬಿಟ್ಟಾಗ ಅದು ತನ್ನದೇ ಪ್ರೊಪೆಲರ್‌ಗೆ ಬಡೀಬಾರದು ಅಂತ ಹೊಟ್ಟೆ ಕೆಳಗಿದ್ದ ಒಂದು ಕವಲು ತೋಳು ಬಾಂಬನ್ನ ಹೊರಕ್ಕೆ ತೂಗಿ ಬಿಡ್ತಿತ್ತು. ಮೊದಲ ಮಾಡೆಲ್‌ಗಳಲ್ಲಿ ಒಂದು ದೊಡ್ಡ ತೊಂದರೆನೂ ಇತ್ತು, ಮೇಲಿನ ಚಳಿಯಿಂದ ಕೆಳಗಿನ ಸೆಕೆಗೆ ಇಳೀತಿದ್ದಂಗೆ ಗುರಿ ನೋಡೋ ಟೆಲಿಸ್ಕೋಪಿನ ಗಾಜು ಮಂಜು ಹಿಡೀತಿತ್ತು, 1942ರ ಮೇ ತಿಂಗಳ ಕೋರಲ್ ಸೀ ಯುದ್ಧದಲ್ಲಿ ಇದರಿಂದ ಪೈಲಟ್‌ಗಳು ಪಟ್ಟ ಪಾಡು ಅಷ್ಟಿಷ್ಟಲ್ಲ.

ಈಗ ಮಿಡ್‌ವೇ. 1942 ಜೂನ್ 4ರ ಬೆಳಿಗ್ಗೆ ಒಂದೇ ಮಾದರಿಯ ವಿಮಾನ ಎರಡು ಥರ ದಾಳಿ ಮಾಡಿತು, ಇದನ್ನ ಬಹಳ ಜನ ಗಮನಿಸಲ್ಲ. ಮೊದಲು ಬಂದಿದ್ದು ಮಿಡ್‌ವೇ ದ್ವೀಪದಿಂದ ಹಾರಿದ ಮರೀನ್ ಪಡೆಯ 16 ಡಾಂಟ್‌ಲೆಸ್, ಮೇಜರ್ ಲಾಫ್ಟನ್ ಹೆಂಡರ್ಸನ್ ನಾಯಕ. ಹುಡುಗರು ಹೊಸಬರು, ನೆಟ್ಟಗೆ ಧುಮುಕೋ ಟ್ರೇನಿಂಗ್ ಸಾಕಷ್ಟು ಆಗಿರಲಿಲ್ಲ, ಹಾಗಾಗಿ ಹೆಂಡರ್ಸನ್ ಕಡಿಮೆ ಇಳಿಜಾರಲ್ಲಿ ತೇಲಿಕೊಂಡು ಹೋಗಿ ಬಾಂಬ್ ಹಾಕೋಣ ಅಂತ ತೀರ್ಮಾನ ಮಾಡಿದ್ರು. ಝೀರೋಗಳಿಗೆ ಬೇಕಾದಷ್ಟು ಟೈಮ್ ಸಿಕ್ತು. ಹೆಂಡರ್ಸನ್ ಸೇರಿ ಅರ್ಧ ಜನ ವಾಪಸ್ ಬರಲಿಲ್ಲ, ಒಂದು ಬಾಂಬೂ ನೇರ ತಾಗಲಿಲ್ಲ. ಬದುಕಿ ಬಂದ ಒಂದು ವಿಮಾನ, ನಂಬರ್ 2106, ಮೈಮೇಲೆ 219 ತೂತು ಹೊತ್ತು ಒಂದೇ ಚಕ್ರದ ಮೇಲೆ ಇಳೀತು, ಪೈಲಟ್ ಕುತ್ತಿಗೆಗೆ ಕಟ್ಟಿದ್ದ ಮೈಕ್ ಕೂಡ ಗುಂಡಿಗೆ ಹಾರಿಹೋಗಿತ್ತು. ಅದೇ ವಿಮಾನ ಆಮೇಲೆ ಟ್ರೇನಿಂಗಿಗೆ ಹೋಗಿ 1943ರಲ್ಲಿ ಮಿಶಿಗನ್ ಸರೋವರಕ್ಕೆ ಬಿತ್ತು, 1994ರಲ್ಲಿ ಮೇಲಕ್ಕೆತ್ತಿದ್ರು, ಈಗ ಫ್ಲಾರಿಡಾದ ಪೆನ್ಸಕೋಲಾ ಮ್ಯೂಸಿಯಂನಲ್ಲಿದೆ.

ಕೆಲವೇ ಗಂಟೆ ಆದ್ಮೇಲೆ, 10:20ರ ಸುಮಾರಿಗೆ, ಎಂಟರ್‌ಪ್ರೈಸ್ ಮತ್ತು ಯಾರ್ಕ್‌ಟೌನ್ ಕ್ಯಾರಿಯರ್‌ಗಳ ಡಾಂಟ್‌ಲೆಸ್‌ಗಳು ಬಂದ್ವು, ಇವರು ಪಳಗಿದವರು, ಎತ್ತರದಿಂದ ನೆಟ್ಟಗೆ ಇಳಿದ್ರು, ಅಕಾಗಿ, ಕಾಗಾ, ಸೋರ್ಯು ಮೂರೂ ಕೆಲವೇ ನಿಮಿಷದಲ್ಲಿ ಹೊತ್ತಿಕೊಂಡ್ವು. ಅಕಾಗಿಗೆ ಬಿದ್ದ ನೇರ ಏಟು ಒಂದೇ, ಎಂಟರ್‌ಪ್ರೈಸ್ ಪೈಲಟ್ ಡಿಕ್ ಬೆಸ್ಟ್ ಇಬ್ಬರೇ ಸಂಗಡಿಗರ ಜೊತೆ ಮಾಡಿದ ದಾಳಿ ಅದು, ಒಂದೇ ಬಾಂಬಿಗೆ ಅಷ್ಟು ದೊಡ್ಡ ಹಡಗು ಮುಗಿದುಹೋಯ್ತು, ಯಾಕಂದ್ರೆ ಒಳಗಿನ ಹ್ಯಾಂಗರ್ (ವಿಮಾನ ನಿಲ್ಲಿಸೋ ಜಾಗ) ತುಂಬಾ ಇಂಧನ ತುಂಬಿಸಿಕೊಂಡ ವಿಮಾನ, ಬಾಂಬ್, ಟಾರ್ಪೆಡೋ (ನೀರೊಳಗೆ ಸಾಗಿ ಹಡಗಿಗೆ ಬಡಿಯೋ ಅಸ್ತ್ರ) ಇದ್ವು. ಮೇಲಿನ ಡೆಕ್ಕಲ್ಲಿ ವಿಮಾನಗಳು ದಾಳಿಗೆ ಹೊರಡೋಕೆ ಸಾಲಾಗಿ ನಿಂತಿದ್ವು ಅಂತ ಹಳೇ ಬರಹಗಳಲ್ಲಿ ಇರತ್ತೆ, ಅದು ಸರಿಯಲ್ಲ, ಹೆಚ್ಚಿನವು ಕೆಳಗೆ ಹ್ಯಾಂಗರಲ್ಲೇ ಇದ್ವು. ನಾಲ್ಕನೇದು ಹಿರ್ಯು, ಅದು ಸಂಜೆ ಹೊತ್ತಿಗೆ ಸಿಕ್ತು.

ಅದೃಷ್ಟ ಇರಲಿಲ್ವಾ? ಇತ್ತು. ಎಂಟರ್‌ಪ್ರೈಸ್ ನಾಯಕ ವೇಡ್ ಮೆಕ್ಲಸ್ಕಿ ಇಂಧನ ಖಾಲಿ ಆಗ್ತಿದ್ರೂ ಹುಡುಕ್ತಾ ಹೋಗಿ ಅರಾಶಿ ಅನ್ನೋ ಒಂಟಿ ಜಪಾನಿ ಡೆಸ್ಟ್ರಾಯರ್ ಹೋಗ್ತಿದ್ದ ದಿಕ್ಕು ಹಿಡಿದೇ ಜಪಾನಿ ಪಡೆಯನ್ನ ಕಂಡುಹಿಡಿದಿದ್ದು. ಅದಕ್ಕಿಂತ ಮುಂಚೆ ಮೂರು ಕ್ಯಾರಿಯರ್‌ಗಳ 41 ಟಾರ್ಪೆಡೋ ವಿಮಾನಗಳು ನೀರಿನ ಮೇಲೆ ತಗ್ಗಲ್ಲಿ ಹೋಗಿ ಝೀರೋಗಳ ಬಾಯಿಗೆ ಬಿದ್ದಿದ್ವು, ಹಾರ್ನೆಟ್ ಕ್ಯಾರಿಯರ್‌ನ 15ಕ್ಕೆ 15 ಹೋದ್ವು, 30 ಜನರಲ್ಲಿ ಬದುಕಿದ್ದು ಜಾರ್ಜ್ ಗೇ ಒಬ್ಬರೇ. ಡಾಂಟ್‌ಲೆಸ್‌ಗೆ ಮೇಲಿನ ಆಕಾಶ ಖಾಲಿ ಸಿಕ್ಕಿದ್ದರಲ್ಲಿ ಅವರ ಪಾಲು ದೊಡ್ಡದು, ಗೆಲುವಿನ ಲೆಕ್ಕ ಬರೆಯುವಾಗ ಈ ಹುಡುಗರನ್ನ ಬಿಟ್ಟುಬಿಡೋದು ನನಗೆ ತುಂಬಾ ಬೇಜಾರಿನ ವಿಷಯ. ಆದ್ರೂ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಕ್ಯಾರಿಯರ್‌ಗಳನ್ನ ಕೆಡವಿದ್ದು ಆ ಕಡಿದಾದ ಕೋನ, ಮತ್ತೆ ಆ ಕೋನದಲ್ಲಿ ಅಲುಗಾಡದೆ ಇಳಿಯೋ ವಿಮಾನ. ನೇರ ಹಾರಾಟದ ಸ್ಪೀಡ್ ಅಲ್ಲಿ ಲೆಕ್ಕಕ್ಕೇ ಬರಲಿಲ್ಲ.

ಆಮೇಲೆ ಅದರ ಜಾಗಕ್ಕೆ ಕರ್ಟಿಸ್ ಹೆಲ್‌ಡೈವರ್ ಬಂತು. ಸ್ಪೀಡ್ ಜಾಸ್ತಿ, ರೆಕ್ಕೆ ಮಡಚಬಹುದು (ಡಾಂಟ್‌ಲೆಸ್‌ದು ಮಡಚೋಕೆ ಬರ್ತಿರಲಿಲ್ಲ, ಹಡಗಲ್ಲಿ ಜಾಗ ತಿಂತಿತ್ತು), ಆದ್ರೆ ಪೈಲಟ್‌ಗಳಿಗೆ ಇಷ್ಟ ಆಗಲಿಲ್ಲ. 1944 ಜೂನ್ 20ರ ಫಿಲಿಪ್ಪೀನ್ ಸಮುದ್ರದ ದಾಳಿಯಿಂದ ರಾತ್ರಿ ವಾಪಸ್ ಬರುವಾಗ ಹೆಲ್‌ಡೈವರ್‌ಗಳು ಇಂಧನ ಮುಗಿದು ಒಂದರ ಹಿಂದೊಂದು ನೀರಿಗೆ ಇಳಿದ್ವು, ಅದೇ ದಾಳಿಗೆ ಹೋಗಿದ್ದ ಡಾಂಟ್‌ಲೆಸ್‌ಗಳಲ್ಲಿ ಬಹುಪಾಲು ಮನೆ ಸೇರಿದ್ವು. ಒಟ್ಟು 5,936 ತಯಾರಾಗಿ 1944ರ ಜುಲೈನಲ್ಲಿ ಉತ್ಪಾದನೆ ನಿಂತಿತ್ತು.

ಡೈವ್ ಬಾಂಬರ್ ಅನ್ನೋ ಬೇರೆ ಜಾತಿಯೇ ಯಾಕೆ ಹೋಯ್ತು ಅಂದ್ರೆ, ಹೆಲ್‌ಕ್ಯಾಟ್, ಕೋರ್ಸೇರ್ ಥರದ ಫೈಟರ್‌ಗಳೇ ಬಾಂಬು, ರಾಕೆಟ್ಟು ಹೊತ್ತು ಹೋಗೋಕೆ ಶುರುಮಾಡಿದ್ವು, ಬಾಂಬ್ ಹಾಕಿದ ಮೇಲೆ ತಮ್ಮನ್ನ ತಾವೇ ಕಾಪಾಡ್ಕೊಳ್ತಿದ್ವು, ಹಿಂದೆ ಕೂತು ಗನ್ ಹಿಡಿಯೋ ಎರಡನೇ ಮನುಷ್ಯ ಬೇಕಾಗಲಿಲ್ಲ. ಹೈನೆಮನ್ ಅವರೇ ಆಮೇಲೆ ಮಾಡಿದ ಸ್ಕೈರೈಡರ್ ಒಂದೇ ಸೀಟಿನದ್ದು, ಅದು ವಿಯೆಟ್ನಾಂ ತನಕ ಹಾರಿತು. ಮುಂದೆ ಗೈಡೆಡ್ ಬಾಂಬ್ ಬಂದ ಮೇಲೆ ಗುರಿಗಾಗಿ ಮನುಷ್ಯನೇ ಧುಮುಕೋ ಅಗತ್ಯ ಉಳೀಲಿಲ್ಲ.

ನಮ್ಮ ಕಡೆ? ಭಾರತೀಯ ವಾಯುಪಡೆಯಲ್ಲಿ ಡಾಂಟ್‌ಲೆಸ್ ಇರಲಿಲ್ಲ. ನಮ್ಮ 7 ಮತ್ತು 8ನೇ ಸ್ಕ್ವಾಡ್ರನ್‌ಗಳು ಬರ್ಮಾ ಯುದ್ಧದಲ್ಲಿ ಹಾರಿಸಿದ್ದು ವಲ್ಟೀ ವೆಂಜನ್ಸ್, ಅದೂ ಡೈವ್ ಬಾಂಬರೇ, ಆದ್ರೆ ನೆಲದಿಂದ ಹಾರೋದು. ಡಾಂಟ್‌ಲೆಸ್ ಹತ್ತಿರಕ್ಕೆ ಬಂದಿದ್ದು ಶ್ರೀಲಂಕಾದ ಟ್ರಿಂಕೋಮಲಿ ತನಕ: 1944ರಲ್ಲಿ ಅಮೆರಿಕದ ಸಾರಟೋಗಾ ಕ್ಯಾರಿಯರ್ ಬ್ರಿಟಿಷ್ ನೌಕಾಪಡೆ ಜೊತೆ ಅಲ್ಲಿಂದ ಹೊರಟು, ಏಪ್ರಿಲ್ 19ಕ್ಕೆ ಸುಮಾತ್ರಾದ ತುದಿಯ ಸಬಾಂಗ್ ಮೇಲೆ, ಮೇ 17ಕ್ಕೆ ಜಾವಾದ ಸುರಬಾಯಾ ಮೇಲೆ ದಾಳಿ ಮಾಡಿತು, ಎರಡರಲ್ಲೂ ಡಾಂಟ್‌ಲೆಸ್‌ಗಳಿದ್ವು.